ಅಡಿಗೆಮನೆಗೆ ಬಂದ ಅನಿಲ

ಮನುಷ್ಯನ ಸಂಸಾರ ಬೆಳೆದುದು ಬೆಂಕಿಯ ಸುತ್ತ ಎಂದರೆ ತಪ್ಪಾಗಲಾರದು. ಹಸಿಯದನ್ನು ಹಾಗೆಯೇ ತಿನ್ನುತ್ತಿದ್ದವನು ಬೇಯಿಸಿ ತಿನ್ನುವುದನ್ನು ಕಲಿತನು. ಬೇಯುವವರೆಗೆ ಕಾದು ಕುಳಿತನು. ಕಾಯುತ್ತ ಕುಳಿತವರು ಒಂದು ಕುಟುಂಬವಾದರು. ಆದುದರಿಂದಲೇ ನಮ್ಮ ಮಾತಿನಲ್ಲಿ ಒಲೆಗೆ ದೊಡ್ಡ ಸ್ಥಾನವಿದೆ. ಅಣ್ಣತಮ್ಮಂದಿರು ಬೇರೆಯಾದರೆ ‘ಒಲೆ ಬೇರೆಯಾಯಿತು’ ಎನ್ನುತ್ತೇವೆ. ಒಲೆ ಉರಿಯದ ಮನೆ ಎಂದರೆ ಹಸಿದ ಮನೆಯೆಂದೇ ಅರ್ಥ. ಇಂಥ ಒಲೆ ಸಾವಿರಾರು ವರ್ಷಗಳ ಕಾಲ ಹೆಚ್ಚು ಮಾರ್ಪಾಡಿಲ್ಲದೆ ಉಳಿದು, ಕಳೆದ ಎರಡು ಮೂರು ತಲೆಮಾರುಗಳಲ್ಲಿ ಒಮ್ಮೆಲೇ ಬದಲಾಗಿದೆ. ಆ ಬದಲಾವಣೆಯ ಒಳಿತನ್ನೂ ಅಪಾಯವನ್ನೂ ಅರಿಯುವುದು ಪ್ರತಿಯೊಂದು ಮನೆಯವರ ಕರ್ತವ್ಯವಾಗಿದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭೀಮೆ ಮತ್ತು ಕೃಷ್ಣೆಯರ ನಡುವಣ ಈ ಎರೆಯ ಬಯಲು ಬಿಳಿಜೋಳಕ್ಕೂ ತೊಗರಿಗೂ ನಿಂಬೆಗೂ ಹೆಸರಾದುದು. ಆದರೆ ಇಲ್ಲಿ ಕಾಡಿಲ್ಲ, ಮರಗಳು ವಿರಳ. ಹೀಗಾಗಿ ಇಲ್ಲಿಯ ಒಲೆಗೆ ಹೊಲವೇ ಉರುವಲನ್ನು ಒದಗಿಸಬೇಕಾಗಿತ್ತು. ತೊಗರಿಯ ಕಟ್ಟಿಗೆ, ಹತ್ತಿಯ ಕಟ್ಟಿಗೆ, ಜಾಲಿಯ ಟೊಂಗೆ, ದನದ ಸೆಗಣಿಯಿಂದ ತಟ್ಟಿದ ಕುಳ್ಳು, ಇವೇ ಮನೆಯ ಉರುವಲು. ಸುಗ್ಗಿ ಮುಗಿದೊಡನೆ ಹಿತ್ತಿಲಲ್ಲಿ ಕಟ್ಟಿಗೆಯ ಹೊರೆಗಳನ್ನು ಒಟ್ಟುವುದು, ಮಳೆಗಾಲಕ್ಕೆ ಮುನ್ನ ಕುಳ್ಳುಗಳನ್ನು ಒಳಗೆ ಸೇರಿಸುವುದು ಗೃಹಿಣಿಯ ವರ್ಷದ ದೊಡ್ಡ ಕೆಲಸವಾಗಿತ್ತು. ಹೊಲಕ್ಕೆ ಗೊಬ್ಬರವಾಗಬೇಕಾದ ಸೆಗಣಿ ಒಲೆಯಲ್ಲಿ ಬೂದಿಯಾಗುತ್ತಿತ್ತು.

ಕಟ್ಟಿಗೆಯ ಒಲೆ ಬೇಡುತ್ತಿದ್ದ ಬೆಲೆ ಇಷ್ಟೇ ಆಗಿರಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವವಳ ಕಣ್ಣು ಮತ್ತು ಪುಪ್ಪುಸಗಳು ಪ್ರತಿದಿನ ಹೊಗೆಯನ್ನು ಉಂಡವು. ಮಗ್ಗುಲಲ್ಲಿ ಮಲಗಿದ ಕೂಸೂ ಅದೇ ಗಾಳಿಯನ್ನು ಉಸಿರಾಡಿತು. ಮನೆಯೊಳಗಣ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ಹೊಗೆಯನ್ನು ತಗ್ಗಿಸುವ ಪ್ರಯತ್ನಗಳು ಕರ್ನಾಟಕದಲ್ಲಿಯೂ ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ, ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಅಡಿಗೆ ಮಾಡುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಅದು ಬಹು ಉಪಯುಕ್ತವಾದ ಸುಧಾರಣೆ. ಆದರೆ ಒಲೆಯ ಸ್ವರೂಪವನ್ನೇ ಬದಲಿಸಿದುದು ಅನಿಲ.

ಅಮೆರಿಕದ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲ್ಲಿಂಗ್ ಎಂಬಾತನು 1910ರಲ್ಲಿ ಪೆಟ್ರೋಲಿನಿಂದ ಆವಿಯಾಗಿ ವ್ಯರ್ಥವಾಗುತ್ತಿದ್ದ ಅನಿಲಗಳನ್ನು ಪರೀಕ್ಷಿಸುತ್ತ, ಅವುಗಳಲ್ಲಿ ಪ್ರೋಪೇನ್ ಎಂಬ ಅನಿಲವಿರುವುದನ್ನು ಕಂಡನು. ಅದನ್ನು ಒತ್ತಡದಿಂದ ದ್ರವವಾಗಿಸಿ ಪಾತ್ರೆಯಲ್ಲಿ ತುಂಬಿಡಬಹುದೆಂಬ ತಿಳಿವಳಿಕೆಯಿಂದ ಹೊಸದೊಂದು ಇಂಧನ ಹುಟ್ಟಿತು. ನಮ್ಮ ದೇಶದಲ್ಲಿ ಬರ್ಮಾ ಶೆಲ್ ಕಂಪನಿಯು 1955ರಲ್ಲಿ ಮುಂಬಯಿಯಲ್ಲಿ ಇದರ ಮಾರಾಟವನ್ನು ಆರಂಭಿಸಿತು. 1965ರಲ್ಲಿ ಕಲಕತ್ತೆಯಲ್ಲಿ ‘ಇಂಡೇನ್’ ಅನಿಲದ ಮೊದಲ ಸಂಪರ್ಕ ದೊರೆಯಿತು. ಬಹುಕಾಲ ಇದು ಪಟ್ಟಣದವರ ಸೊತ್ತಾಗಿತ್ತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉದ್ಘಾಟನೆಗೊಂಡ ಪ್ರಧಾನಮಂತ್ರಿ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಹಳ್ಳಿಗಳಿಗೂ ಸಿಲಿಂಡರು ತಲುಪಿತು. ಹೊಗೆಯಿಂದ ಬಿಡುಗಡೆ ದೊರೆತುದು ಸಣ್ಣ ಮಾತಲ್ಲ.

ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಟ್ಟಿಗೆಯ ಬೆಂಕಿಯೊಡನೆ ಬಾಳುವುದನ್ನು ನಮ್ಮ ಜನ ತಲೆತಲಾಂತರದಿಂದ ಕಲಿತಿದ್ದರು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಆ ವಿದ್ಯೆ ಹರಿದು ಬಂದಿತ್ತು. ಅನಿಲವಾದರೋ ಹೊಸಬ. ಸಿಲಿಂಡರು ಮನೆಗೆ ಬಂದಷ್ಟು ಬೇಗನೆ ಅದರ ಸ್ವಭಾವದ ಅರಿವು ಮನೆಗೆ ಬರಲಿಲ್ಲ. ಹಳೆಯ ಬೆಂಕಿ ಕಲಿಸಿದ ಪಾಠಗಳಲ್ಲಿ ಕೆಲವು ಹೊಸ ಬೆಂಕಿಗೆ ಹೊಂದುವುದಿಲ್ಲ. ಅಷ್ಟೇ ಅಲ್ಲ, ತಿರುಗುಮುರುಗಾಗುತ್ತವೆ. ಅಪಾಯದ ಮೂಲ ಇರುವುದು ಇಲ್ಲಿಯೇ.

ಅಡಿಗೆಯ ಅನಿಲವೆಂದರೆ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಕಚ್ಚಾ ತೈಲವನ್ನು ಶುದ್ಧೀಕರಿಸುವಾಗಲೂ ನೈಸರ್ಗಿಕ ಅನಿಲವನ್ನು ಸಂಸ್ಕರಿಸುವಾಗಲೂ ಇವು ದೊರೆಯುತ್ತವೆ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಅಂದರೆ ನಮ್ಮ ಊರಿನ ಹವೆಯಲ್ಲಿ ಇವೆರಡೂ ಅನಿಲಗಳೇ. ಒತ್ತಡಕ್ಕೆ ಒಳಪಡಿಸಿದರೆ ಮಾತ್ರ ದ್ರವವಾಗುತ್ತವೆ. ಒಂದು ಲೀಟರು ದ್ರವವನ್ನು ಹೊರಬಿಟ್ಟರೆ ಅದು ಸುಮಾರು 250 ಲೀಟರು ಅನಿಲವಾಗಿ ಹಿಗ್ಗುತ್ತದೆ. ಚಿಕ್ಕ ಪಾತ್ರೆಯಲ್ಲಿ ಒಂದು ಕುಟುಂಬದ ತಿಂಗಳ ಉರುವಲು ಅಡಗಿ ಕೂರುವ ರಹಸ್ಯ ಇದೇ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದನ್ನು ಕಂಠಮಟ್ಟ ತುಂಬುವುದಿಲ್ಲ; ಬಿಸಿಲಿಗೆ ದ್ರವ ಹಿಗ್ಗಿದರೆ ಜಾಗ ಬೇಕೆಂದು ಮೇಲ್ಭಾಗವನ್ನು ಖಾಲಿ ಬಿಟ್ಟಿರುತ್ತಾರೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮುಟ್ಟುವ ವಿಜಯಪುರದಂಥ ಜಿಲ್ಲೆಗೆ ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದನ್ನು ಹೇಳಬೇಕಾಗಿಲ್ಲ.

ಒಲೆ ಉರಿಯುವಾಗ ಸಿಲಿಂಡರಿನ ಮೈ ತಣ್ಣಗಾಗುವುದನ್ನು ಕೆಲವರು ಗಮನಿಸಿರಬಹುದು. ಮಣ್ಣಿನ ಗಡಿಗೆಯ ನೀರು ತಂಪಾಗುವುದಕ್ಕೂ ಇದಕ್ಕೂ ಕಾರಣ ಒಂದೇ. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ. ಸಿಲಿಂಡರಿನೊಳಗೆ ದ್ರವವು ಅನಿಲವಾಗುವಾಗಲೂ ಹಾಗೆಯೇ. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯುವ ಸುಲಭ ಉಪಾಯವೂ ಇದರಲ್ಲಿಯೇ ಇದೆ. ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಒರೆಸಿ ಸ್ವಲ್ಪ ಹೊತ್ತು ಕಾದರೆ, ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ. ದ್ರವವಿರುವ ಕೆಳಭಾಗದಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಇದನ್ನು ಬಿಟ್ಟು, ಸಿಲಿಂಡರನ್ನು ಅಲುಗಾಡಿಸುವುದಾಗಲಿ, ಕೊನೆಯ ಅನಿಲವನ್ನು ಹೊರತೆಗೆಯಲು ಅಡ್ಡ ಮಲಗಿಸುವುದಾಗಲಿ, ಬಿಸಿನೀರಿನಲ್ಲಿ ಇಡುವುದಾಗಲಿ ಸಲ್ಲದು. ಅಡ್ಡ ಮಲಗಿಸಿದ ಸಿಲಿಂಡರಿನಿಂದ ಅನಿಲದ ಬದಲು ದ್ರವವೇ ನಳಿಗೆಗೆ ನುಗ್ಗಿ ಒಲೆಯಲ್ಲಿ ದೊಡ್ಡ ಜ್ವಾಲೆ ಏಳಬಹುದು. ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕು.

ಈ ಅನಿಲಕ್ಕೆ ಬಣ್ಣವಿಲ್ಲ. ಸ್ವಭಾವತಃ ವಾಸನೆಯೂ ಇಲ್ಲ. ನಮಗೆ ಬರುವ ಕೆಟ್ಟ ವಾಸನೆ ಬೇಕೆಂದೇ ಸೇರಿಸಿದುದು. ಈಥೈಲ್ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಕೊಳೆತ ಕೋಸಿನ ನಾತವನ್ನು ಹೋಲುವ ಆ ವಾಸನೆ ಮನೆಯ ಕಾವಲುಗಾರ. ಇಂಥ ಕಾವಲು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದುಃಖಕರವಾದ ನಿದರ್ಶನವೊಂದಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ ಕಟ್ಟಡದ ನೆಲದಡಿಯ ಪೊಳ್ಳಿನಲ್ಲಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯನ್ನು ಸೇರಿಸಿರಲಿಲ್ಲವಾದುದರಿಂದ ಯಾರಿಗೂ ತಿಳಿಯಲಿಲ್ಲ. ಶಾಲೆಯ ಕಮ್ಮಟದಲ್ಲಿ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದಾಗ ಹಾರಿದ ಕಿಡಿಯಿಂದ ಇಡೀ ಕಟ್ಟಡ ಸಿಡಿದು ಬಿದ್ದಿತು. ಸುಮಾರು ಮುನ್ನೂರು ಮಂದಿ, ಅವರಲ್ಲಿ ಬಹುತೇಕ ಮಕ್ಕಳು, ಪ್ರಾಣ ಕಳೆದುಕೊಂಡರು. ಆ ಬಳಿಕವೇ ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಬಂದಿತು. ಇಂದು ಅಡಿಗೆಮನೆಯಲ್ಲಿ ನಮ್ಮ ಮೂಗನ್ನು ತಟ್ಟುವ ನಾತದ ಹಿಂದೆ ಆ ಮಕ್ಕಳ ನೆನಪಿದೆ. ಅದನ್ನು ಅಲಕ್ಷಿಸಿ ‘ಇದು ದಿನವೂ ಬರುವ ವಾಸನೆ’ ಎಂದು ಸುಮ್ಮನಿರುವುದು ತರವಲ್ಲ. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಆದುದರಿಂದ ಹೊರಗಿನಿಂದ ಬಂದವರು ವಾಸನೆಯಿದೆ ಎಂದರೆ ಅವರ ಮಾತನ್ನು ನಂಬಬೇಕು.

ಎಲ್ಲಕ್ಕಿಂತ ಮುಖ್ಯವಾದ ಗುಣವೊಂದಿದೆ. ಅಡಿಗೆಯ ಅನಿಲ ಗಾಳಿಗಿಂತ ಭಾರವಾದುದು. ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆ ಬಿಸಿಯಾದುದರಿಂದ ಮೇಲಕ್ಕೇರುತ್ತದೆ. ಇದನ್ನು ಅರಿತೇ ನಮ್ಮ ಹಿರಿಯರು ಮನೆಗಳನ್ನು ಕಟ್ಟಿದರು. ಈ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ. ಅಡಿಗೆಮನೆಯ ನೆತ್ತಿಯಲ್ಲಿ ಬೆಳಕಿಂಡಿ. ಬೆಳಕು ಒಳಬರಲು, ಹೊಗೆ ಹೊರಹೋಗಲು ಅದೊಂದೇ ದಾರಿ. ಆದರೆ ಸೋರಿದ ಅನಿಲ ಬೆಳಕಿಂಡಿಯತ್ತ ಹೋಗುವುದಿಲ್ಲ. ಅದು ನೀರಿನಂತೆ ಕೆಳಗಿಳಿದು, ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಮೂಲೆಯಲ್ಲಿ, ಬಚ್ಚಲ ಮೋರಿಯಲ್ಲಿ ಮಡುಗಟ್ಟುತ್ತದೆ. ಹೊಗೆಗಾಗಿ ಕಟ್ಟಿದ ಮನೆ ಅನಿಲಕ್ಕೆ ಹೊಂದುವುದಿಲ್ಲ. ಅಂಥ ಮನೆಯಲ್ಲಿ ನೆಲಮಟ್ಟದಲ್ಲಿ ಗಾಳಿ ಆಡುವಂತೆ ಬಾಗಿಲು ತೆರೆದಿರಬೇಕು. ಗೋಡೆಯ ಬುಡದಲ್ಲಿ ಒಂದು ಜಾಲಂದರವಿದ್ದರೆ ಮತ್ತೂ ಉತ್ತಮ.

ಭಾರವಾದ ಅನಿಲದ ಪರಿಚಯ ಈ ಭಾಗದ ರೈತರಿಗೆ ಇಲ್ಲದಿಲ್ಲ. ಜೋಳವನ್ನು ಸಂಗ್ರಹಿಸುವ ನೆಲದೊಳಗಣ ಹಗೇವನ್ನು ತೆರೆದೊಡನೆ ಯಾರೂ ಅದರಲ್ಲಿ ಇಳಿಯುವುದಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡು ಅದರ ತಳದಲ್ಲಿ ತುಂಬಿರುತ್ತದೆ. ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಳಗಿಳಿಯಬಹುದೆಂಬುದು ಹಳೆಯ ತಿಳಿವಳಿಕೆ. ಅಡಿಗೆಯ ಅನಿಲವೂ ಹಗೇವಿನ ಗಾಳಿಯಂತೆ ಕೆಳಗೆ ನಿಲ್ಲುವುದು ನಿಜ. ಆದರೆ ಅಲ್ಲಿ ದೀಪ ಆರಿ ಎಚ್ಚರಿಸಿದರೆ ಇಲ್ಲಿ ದೀಪವೇ ಮನೆಯನ್ನು ಸುಡುತ್ತದೆ. ಹಗೇವಿಗೆ ಜಾಣತನವಾದುದು ಅಡಿಗೆಮನೆಗೆ ಆತ್ಮಘಾತ. ಅನಿಲ ಸೋರುತ್ತಿದೆಯೇ ಎಂದು ಕಡ್ಡಿ ಗೀರಿ ನೋಡುವಂಥ ಅವಿವೇಕ ಮತ್ತೊಂದಿಲ್ಲ.

ಎಷ್ಟು ಅನಿಲ ಸೋರಿದರೆ ಅಪಾಯ? ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 9 ಪಾಲು ಅನಿಲ ಬೆರೆತಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಇಂಧನ ಸಾಲದು. ಹೆಚ್ಚಾದರೆ ಗಾಳಿ ಸಾಲದು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಬಹುದು. ಸೋರಿದ ಅನಿಲ ನೆಲದಿಂದ ಒಂದಡಿ ಎತ್ತರದವರೆಗೆ ಮಾತ್ರ ಹರಡಿತೆಂದರೆ, ಆ ಪದರ ಹೊತ್ತಿಕೊಳ್ಳುವಂತಾಗಲು ಸುಮಾರು 125 ಗ್ರಾಂ ಅನಿಲ ಸಾಕೆಂದು ಲೆಕ್ಕ ಹಾಕಬಹುದು. ತುಂಬಿದ ಸಿಲಿಂಡರಿನಲ್ಲಿ ಅಂಥ ನೂರಕ್ಕೂ ಹೆಚ್ಚು ಪಾಲುಗಳಿವೆ. ಸಿಲಿಂಡರೇ ಬಾಂಬಿನಂತೆ ಸಿಡಿಯುವುದೆಂದು ಅನೇಕರು ಹೆದರುತ್ತಾರೆ. ಸಿಲಿಂಡರಿನೊಳಗೆ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಬೆಂಕಿ ಉರಿಯಲಾರದು. ಹೊರಗಿನ ಬೆಂಕಿಯಲ್ಲಿ ಕಾಯ್ದು ಒಳಗಿನ ಒತ್ತಡ ಮಿತಿಮೀರಿದಾಗ ಅದು ಸಿಡಿಯಬಹುದು. ಆದರೆ ಮನೆಗಳಲ್ಲಿ ನಡೆಯುವ ಅಪಘಾತಗಳಲ್ಲಿ ಸಾಮಾನ್ಯವಾಗಿ ಮೊದಲು ಹೊತ್ತಿಕೊಳ್ಳುವುದು ಸೋರಿ ಕೋಣೆಯಲ್ಲಿ ನಿಂತ ಅನಿಲ. ಆದುದರಿಂದ ಸಿಲಿಂಡರಿಗೆ ಹೆದರುವುದಕ್ಕಿಂತ ಸೋರಿಕೆಗೆ ಎಚ್ಚರವಾಗಿರುವುದು ವಿವೇಕ.

2024ರ ಡಿಸೆಂಬರ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ನಡೆದ ದುರಂತವನ್ನು ಕರ್ನಾಟಕದ ಜನ ಮರೆತಿಲ್ಲ. ದೇವಾಲಯವೊಂದಕ್ಕೆ ಸೇರಿದ ಚಿಕ್ಕ ಕೋಣೆಯಲ್ಲಿ ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದರು. ಅಡಿಗೆಯ ಸಿಲಿಂಡರೂ ಅಲ್ಲಿಯೇ ಇತ್ತು, ದೀಪವೂ ಉರಿಯುತ್ತಿತ್ತು. ಸಿಲಿಂಡರಿನಿಂದ ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಎಲ್ಲರೂ ಸುಟ್ಟಗಾಯಗಳಿಗೆ ಗುರಿಯಾದರು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆ ಫಲಿಸದೆ ಒಬ್ಬೊಬ್ಬರಾಗಿ ಅಸುನೀಗಿದರು. ಮುಚ್ಚಿದ ಕೋಣೆ, ನೆಲದ ಮೇಲೆ ಮಲಗಿದ ಜನ, ನೆಲಕ್ಕಿಳಿಯುವ ಅನಿಲ, ಪಕ್ಕದಲ್ಲಿ ದೀಪ – ಈ ನಾಲ್ಕೂ ಒಂದೆಡೆ ಕೂಡಿದರೆ ಏನಾಗುವುದೆಂಬುದನ್ನು ಆ ರಾತ್ರಿ ತೋರಿಸಿತು. ಸಿಲಿಂಡರು ಇರುವ ಕೋಣೆಯಲ್ಲಿ ಮಲಗಬಾರದು ಎಂಬ ಒಂದೇ ನಿಯಮವನ್ನು ಪಾಲಿಸಿದರೂ ಎಷ್ಟೋ ಜೀವಗಳು ಉಳಿಯುತ್ತವೆ.

ಅನಿಲವು ಸಿಲಿಂಡರಿನಿಂದ ಒಲೆಯವರೆಗೆ ಸಾಗುವ ದಾರಿಯನ್ನು ತಿಳಿದರೆ ಎಲ್ಲೆಲ್ಲಿ ಎಚ್ಚರ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಸಿಲಿಂಡರಿನ ಬಾಯಿಯಲ್ಲಿ ಕವಾಟವಿದೆ; ಅದರೊಳಗೆ ರಬ್ಬರಿನ ಒಂದು ಬಳೆಯಿದೆ. ಕವಾಟದ ಮೇಲೆ ರೆಗ್ಯುಲೇಟರು ಕೂರುತ್ತದೆ. ಸಿಲಿಂಡರಿನೊಳಗಣ ಒತ್ತಡ ಗಾಳಿಯ ಒತ್ತಡದ ಹಲವು ಪಟ್ಟು ಇರುತ್ತದೆ. ಅದನ್ನು ರೆಗ್ಯುಲೇಟರು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂಗೆ ಇಳಿಸಿ, ಹುಚ್ಚು ಹೊಳೆಯನ್ನು ಕಾಲುವೆಯ ನೀರಾಗಿ ಮಾಡುತ್ತದೆ. ಅಲ್ಲಿಂದ ಅನಿಲ ರಬ್ಬರ್ ನಳಿಗೆಯಲ್ಲಿ ಹರಿದು, ಒಲೆಯ ನಾಬ್ ತಿರುಗಿಸಿದಾಗ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮುತ್ತದೆ. ಹಾಗೆ ಚಿಮ್ಮುವಾಗ ಪಕ್ಕದ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು, ಅದರೊಡನೆ ಬೆರೆತು ಬರ್ನರಿನಲ್ಲಿ ಉರಿಯುತ್ತದೆ. ಜರ್ಮನಿಯ ಬುನ್ಸೆನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾಗಿ, ಶಾಲೆಯ ಪ್ರಯೋಗಶಾಲೆಗಳಲ್ಲಿ ಇಂದಿಗೂ ಇರುವ ದೀಪದ ತತ್ವವೂ ಇದೇ.

ಗಾಳಿ ಸಾಕಷ್ಟು ಬೆರೆತರೆ ಜ್ವಾಲೆ ನೀಲಿಯಾಗಿರುತ್ತದೆ. ಅದು ಪೂರ್ಣ ದಹನದ ಲಕ್ಷಣ. ಜ್ವಾಲೆ ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗತೊಡಗಿದರೆ ದಹನ ಅಪೂರ್ಣವೆಂದು ತಿಳಿಯಬೇಕು. ಆಗ ಇಂಧನ ವ್ಯರ್ಥವಾಗುವುದಲ್ಲದೆ ವಿಷಕಾರಿಯಾದ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಹಿಟ್ಟಿನ ಪುಡಿ ಬರ್ನರಿನ ರಂಧ್ರಗಳಲ್ಲಿ ಸೇರಿ ಅವನ್ನು ಮುಚ್ಚುವುದುಂಟು. ಉಕ್ಕಿದ ಹಾಲು ಮತ್ತು ಬೇಳೆಯ ಕಟ್ಟು ಕೂಡ ಹಾಗೆಯೇ. ಒಲೆ ಆರಿ ತಣ್ಣಗಾದ ಮೇಲೆ ಬರ್ನರನ್ನು ತೆಗೆದು ತೊಳೆದು, ಚೆನ್ನಾಗಿ ಒಣಗಿಸಿ ಇಟ್ಟರೆ ನೀಲಿ ಜ್ವಾಲೆ ಮರಳಿ ಬರುತ್ತದೆ.

ಈಗ ಒಲೆಯನ್ನು ಇಡುವ ಕ್ರಮವನ್ನು ನೋಡಬಹುದು. ನೆಲದ ಮೇಲೆ ಕುಳಿತು ಅಡಿಗೆ ಮಾಡುವುದು ನಮ್ಮಲ್ಲಿ ರೂಢಿ. ಆದರೆ ಅನಿಲದ ಒಲೆಯನ್ನೂ ಸಿಲಿಂಡರನ್ನೂ ಅಕ್ಕಪಕ್ಕದಲ್ಲಿ ನೆಲದ ಮೇಲೆಯೇ ಇಡುವುದು ತಪ್ಪು. ಸೋರಿದ ಅನಿಲ ನೆಲಕ್ಕಿಳಿದು ಬೆಂಕಿಯಿರುವಲ್ಲಿಗೇ ಬರುತ್ತದೆ. ಆದುದರಿಂದ ಸಿಲಿಂಡರು ನೆಲದ ಮೇಲೆ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಇರಬೇಕು. ಎರಡು ಕಡೆ ಇಟ್ಟಿಗೆ ಏರಿಸಿ ಮೇಲೊಂದು ಚಪ್ಪಡಿಕಲ್ಲು ಹಾಕಿದರೂ ಕಟ್ಟೆಯಾಗುತ್ತದೆ; ಅದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಒಲೆಯ ಹಿಂದೆ ಕೈಚಾಚಿ ತೆಗೆಯಬೇಕಾದ ಮಾಡ ಇರಬಾರದು. ಸೆರಗು ಜ್ವಾಲೆಗೆ ತಗಲುವುದು ಹಾಗೆಯೇ. ಗಾಳಿ ನೇರವಾಗಿ ಬೀಸುವ ಕಿಟಕಿಯ ಎದುರಿಗೂ ಒಲೆ ಬೇಡ. ಅದೇ ಕೋಣೆಯಲ್ಲಿ ಕಟ್ಟಿಗೆಯ ಒಲೆ, ಸೀಮೆಎಣ್ಣೆಯ ಸ್ಟೋವ್, ದೇವರ ದೀಪ ಇರಬಾರದು. ಹಳೆಯ ಒಲೆಯನ್ನು ಇನ್ನೂ ಉಪಯೋಗಿಸುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಬೂದಿಯಡಿಯ ಕೆಂಡ ಆರಿದಂತೆ ಕಂಡರೂ ಆರಿರುವುದಿಲ್ಲ.

ಹೊಸ ಸಿಲಿಂಡರು ಮನೆಗೆ ಬಂದಾಗ ಅವಸರ ಸಲ್ಲದು. ಮುದ್ರೆ ಒಡೆಯದೆ ಇದೆಯೇ, ತೂಕ ಸರಿಯಾಗಿದೆಯೇ ಎಂಬುದನ್ನು ತಂದವರ ಮುಂದೆಯೇ ನೋಡಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಅದಕ್ಕೆ 14.2 ಕಿಲೋಗ್ರಾಂ ಕೂಡಿಸಿದರೆ ತುಂಬಿದ ತೂಕ ದೊರೆಯುತ್ತದೆ. ಹಿಡಿಕೆಯ ಬಳೆಗೆ ಆಧಾರವಾದ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಒಂದು ಅಕ್ಷರ ಮತ್ತು ಎರಡು ಅಂಕಿಗಳಿರುತ್ತವೆ. ಅವು ಸಿಲಿಂಡರನ್ನು ಮರುಪರೀಕ್ಷೆ ಮಾಡಬೇಕಾದ ಕಾಲವನ್ನು ಹೇಳುತ್ತವೆ. ಎ, ಬಿ, ಸಿ, ಡಿ ಎಂಬ ಅಕ್ಷರಗಳು ಕ್ರಮವಾಗಿ ವರ್ಷದ ನಾಲ್ಕು ತ್ರೈಮಾಸಿಕಗಳು, ಅಂಕಿಗಳು ವರ್ಷ. ‘ಸಿ 28’ ಎಂದಿದ್ದರೆ 2028ರ ಜುಲೈಯಿಂದ ಸೆಪ್ಟೆಂಬರಿನವರೆಗಿನ ಅವಧಿಯೆಂದು ಅರ್ಥ. ಅವಧಿ ಮೀರಿದ ಸಿಲಿಂಡರನ್ನು ಹಿಂದಿರುಗಿಸುವುದು ಬಳಕೆದಾರರ ಹಕ್ಕು. ಕವಾಟದ ಮೇಲಿನ ಮುಚ್ಚಳವನ್ನು ದಾರ ಸಹಿತ ಹಾಗೆಯೇ ಉಳಿಸಿಕೊಳ್ಳಬೇಕು. ಕವಾಟ ಸೋರತೊಡಗಿದರೆ ಅದನ್ನು ಒತ್ತಿ ಕೂರಿಸಿದಾಗ ಸೋರಿಕೆ ನಿಲ್ಲುತ್ತದೆ. ಬಡ ಉಪಕರಣವಾದರೂ ಅದರ ಉಪಕಾರ ದೊಡ್ಡದು.

ಒಲೆ ಹೊತ್ತಿಸುವಾಗ ಪಾಲಿಸಬೇಕಾದ ಸೂತ್ರ ಒಂದೇ: ಕಿಡಿ ಮೊದಲು, ಅನಿಲ ಅನಂತರ. ಕಡ್ಡಿಯನ್ನು ಗೀರಿ ಬರ್ನರಿನ ಬಳಿ ಹಿಡಿದು ಆಮೇಲೆ ನಾಬ್ ತಿರುಗಿಸಬೇಕು. ಲೈಟರಾದರೆ ಅದನ್ನು ಬರ್ನರಿಗೆ ತಾಗಿಸಿ ಸಿದ್ಧವಾಗಿ ಹಿಡಿದಿರಬೇಕು. ನಾಬ್ ತೆರೆದಿಟ್ಟು ಕಡ್ಡಿಪೆಟ್ಟಿಗೆಯನ್ನು ಹುಡುಕುತ್ತ ಹೋಗುವಷ್ಟರಲ್ಲಿ ಒಲೆಯ ಸುತ್ತ ಅನಿಲ ನೆರೆದಿರುತ್ತದೆ. ಒಮ್ಮೆಗೆ ಹೊತ್ತದಿದ್ದರೆ ನಾಬ್ ಮುಚ್ಚಿ, ಒಂದೆರಡು ನಿಮಿಷ ಕಾದು ಮತ್ತೆ ಪ್ರಯತ್ನಿಸಬೇಕು. ಅಡಿಗೆ ಮಾಡುವವರು ಹತ್ತಿಯ ಬಟ್ಟೆ ಉಡುವುದು ಲೇಸು. ನೈಲಾನ್, ಪಾಲಿಯೆಸ್ಟರುಗಳಂಥ ಬಟ್ಟೆಗಳು ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಹಳೆಯ ಒಳ್ಳೆಯ ಅಭ್ಯಾಸ. ಅದು ಹೊಸ ಒಲೆಗೂ ಬೇಕು.

ಉರಿಯುವ ಒಲೆಯನ್ನು ಬಿಟ್ಟು ಹೋಗಬಾರದು. ಹಾಲು ಉಕ್ಕಿ ಜ್ವಾಲೆಯನ್ನು ನಂದಿಸಬಹುದು. ಗಾಳಿ ಬೀಸಿ ಆರಿಸಬಹುದು. ಕಟ್ಟಿಗೆಯ ಬೆಂಕಿ ಆರಿದರೆ ಕೆಲಸ ಮುಗಿಯಿತು. ಅನಿಲದ ಜ್ವಾಲೆ ಆರಿದರೆ ಅಪಾಯ ಆರಂಭವಾಯಿತು ಎಂದರ್ಥ. ನಾಬ್ ತೆರೆದೇ ಇರುವುದರಿಂದ ಅನಿಲ ಸದ್ದಿಲ್ಲದೆ ಹೊರಬರುತ್ತಲೇ ಇರುತ್ತದೆ. ಅಡಿಗೆ ಮುಗಿದ ಮೇಲೆ ಒಲೆಯ ನಾಬನ್ನಷ್ಟೇ ಅಲ್ಲ, ರೆಗ್ಯುಲೇಟರನ್ನೂ ಮುಚ್ಚಬೇಕು. ರಾತ್ರಿ ಮಲಗುವ ಮುನ್ನ, ಮನೆಗೆ ಬೀಗ ಹಾಕಿ ಹೊಲಕ್ಕೋ ಜಾತ್ರೆಗೋ ಹೊರಡುವ ಮುನ್ನ ಇದನ್ನು ಮರೆಯಲಾಗದು.

ಸೋರಿಕೆಗೆ ಹೆಚ್ಚಾಗಿ ಎಡೆಗೊಡುವುದು ರಬ್ಬರ್ ನಳಿಗೆ. ಶಾಖಕ್ಕೂ ಕಾಲಕ್ಕೂ ಅದು ಬಿರಿಯುತ್ತದೆ. ಧಾನ್ಯವಿರುವ ಮನೆಯಲ್ಲಿ ಇಲಿಗಳು ತಪ್ಪವು; ಅವು ನಳಿಗೆಯನ್ನು ಕಡಿಯುತ್ತವೆ. ‘ಸುರಕ್ಷಾ’ ಎಂಬ ಹೆಸರಿನ, ಒಳಗೆ ತಂತಿಯ ಹೆಣಿಗೆಯುಳ್ಳ ನಳಿಗೆ ಈ ದೃಷ್ಟಿಯಿಂದ ಉತ್ತಮ. ಅದನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನಳಿಗೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ನಡುವೆ ಜೋಡಣೆ ಇರಬಾರದು. ಒಲೆಯ ಬಿಸಿ ತಗಲುವಂತೆ ಹಾಯಬಾರದು. ಬಿರಿದ ನಳಿಗೆಗೆ ಚಿಂದಿ ಸುತ್ತಿ ದಿನ ನೂಕುವುದು ಕೆಲವು ರೂಪಾಯಿ ಉಳಿಸಲು ಮನೆಯನ್ನೇ ಪಣಕ್ಕಿಟ್ಟಂತೆ. ಸೋರಿಕೆಯನ್ನು ಪರೀಕ್ಷಿಸಲು ಸಾಬೂನಿನ ನೀರು ಸಾಕು. ಕವಾಟ, ರೆಗ್ಯುಲೇಟರು, ನಳಿಗೆಯ ತುದಿಗಳಿಗೆ ಅದನ್ನು ಹಚ್ಚಿದರೆ ಸೋರುವ ಕಡೆ ಗುಳ್ಳೆಗಳೇಳುತ್ತವೆ. ತಿಂಗಳಿಗೊಮ್ಮೆ ಇದನ್ನು ಮಾಡಲು ಐದು ನಿಮಿಷ ಸಾಲುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯಿದೆ. ಅನಿಲ ಸೋರಿದಾಗ ಏನು ಮಾಡಬೇಕೆಂಬುದನ್ನು ಸೋರುವ ಮೊದಲೇ ಮನೆಯವರೆಲ್ಲರೂ ತಿಳಿದಿರಬೇಕು. ವಾಸನೆ ಬಂದೊಡನೆ ವಿದ್ಯುತ್ ದೀಪ ಹಾಕಬಾರದು. ಉರಿಯುತ್ತಿದ್ದರೆ ಆರಿಸಲೂ ಬಾರದು. ಗುಂಡಿ ಒತ್ತಿದಾಗ ಒಳಗೆ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ವಾಸನೆ ಹೋಗಲೆಂದು ಪಂಖವನ್ನು ಹಾಕುವುದೂ ಅದೇ ತಪ್ಪು. ಉರಿಯುವ ಒಲೆ, ದೀಪ, ಊದಿನಕಡ್ಡಿಗಳಿದ್ದರೆ ಅವನ್ನು ನಂದಿಸಬೇಕು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ಅಗಲವಾಗಿ ತೆರೆದು, ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕಳುಹಿಸಬೇಕು. ಆದರೂ ಸೋರಿಕೆ ನಿಲ್ಲದಿದ್ದರೆ ರೆಗ್ಯುಲೇಟರನ್ನು ಬಿಚ್ಚಿ ಕವಾಟಕ್ಕೆ ಮುಚ್ಚಳವನ್ನು ಒತ್ತಿ, ಸಾಧ್ಯವಿದ್ದರೆ ಸಿಲಿಂಡರನ್ನು ಬಯಲಿಗೆ ಸಾಗಿಸಬೇಕು. ಅನಂತರ ಮನೆಯಿಂದ ದೂರ ನಿಂತು ದೂರವಾಣಿ ಮಾಡಬೇಕು. ಅನಿಲ ಸೋರಿಕೆಯ ತುರ್ತು ಸಹಾಯಕ್ಕೆ ದೇಶದಾದ್ಯಂತ 1906 ಎಂಬ ಸಂಖ್ಯೆಯಿದೆ. ಕಡ್ಡಿಪೆಟ್ಟಿಗೆಯ ಮೇಲೆ ಕೈಯಿಡುವ ಮುಂಚೆ ಈ ಸಂಖ್ಯೆ ನೆನಪಿಗೆ ಬರಬೇಕು.

ಬೆಂಕಿ ಹೊತ್ತಿಯೇಬಿಟ್ಟರೆ ಧೈರ್ಯಗೆಡದೆ ಯೋಚಿಸಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು. ನೀರು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆಯನ್ನು ಆರಿಸಿ, ಬಾಣಲೆಯನ್ನು ತಟ್ಟೆಯಿಂದ ಮುಚ್ಚಿದರೆ ಗಾಳಿಯಿಲ್ಲದೆ ಬೆಂಕಿ ನಂದುತ್ತದೆ. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲದ ಮೇಲೆ ಉರುಳಬೇಕು. ಪಕ್ಕದಲ್ಲಿದ್ದವರು ಉಣ್ಣೆಯ ಕಂಬಳಿ ಹೊದಿಸಿ ಬೆಂಕಿಯನ್ನು ಆರಿಸಬೇಕು. ಕುರಿಯ ಉಣ್ಣೆ ಬೇಗ ಹೊತ್ತದು. ಈ ನಾಡಿನ ಮನೆಮನೆಯಲ್ಲಿರುವ ಕರಿಯ ಕಂಬಳಿ ಅಂಥ ಹೊತ್ತಿನಲ್ಲಿ ಬಹು ಬೆಲೆಯುಳ್ಳದ್ದು. ಸುಟ್ಟ ಭಾಗದ ಮೇಲೆ ಸುಮಾರು ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಸಿ, ಹಲ್ಲುಪುಡಿ, ಎಣ್ಣೆ ಮುಂತಾದವನ್ನು ಬಳಿಯುವುದರಿಂದ ಗಾಯ ಕೆಡುತ್ತದೆ.

ಇಷ್ಟೆಲ್ಲ ನಿಯಮಗಳನ್ನು ಕೇಳಿದವರಿಗೆ ಕಟ್ಟಿಗೆಯ ಒಲೆಯೇ ಲೇಸಾಗಿತ್ತೆಂದು ತೋರಬಹುದು. ಅದು ಸರಿಯಲ್ಲ. ಕಟ್ಟಿಗೆಯ ಒಲೆಯ ಕೇಡು ದಿನದಿನವೂ ಸ್ವಲ್ಪಸ್ವಲ್ಪವಾಗಿ ಒಳಗಿಳಿಯುವಂಥದು. ಅದನ್ನು ಎಚ್ಚರಿಕೆಯಿಂದ ಪೂರ್ತಿ ತಪ್ಪಿಸಲಾಗದು. ಅನಿಲದ ಕೇಡು ಎಚ್ಚರ ತಪ್ಪಿದ ಗಳಿಗೆಯದು. ತಿಳಿವಳಿಕೆಯಿದ್ದರೆ ಅದನ್ನು ತಡೆಯಬಹುದು. ಅನಿಲವನ್ನು ಹಿತಮಿತವಾಗಿ ಬಳಸುವುದೂ ತಿಳಿವಳಿಕೆಯ ಭಾಗವೇ. ಬೇಳೆಯನ್ನು ಮೊದಲೇ ನೆನೆಸಿಡುವುದು, ಪಾತ್ರೆಗೆ ಮುಚ್ಚಳವಿಡುವುದು, ಎಸರು ಕುದಿದ ಮೇಲೆ ಉರಿ ತಗ್ಗಿಸುವುದು ಇವುಗಳಿಂದ ಸಿಲಿಂಡರು ಕೆಲವು ದಿನ ಹೆಚ್ಚು ಬಾಳುತ್ತದೆ.

ಇದು ಅಡಿಗೆ ಮಾಡುವ ಹೆಂಗಸರು ಮಾತ್ರ ಕಲಿಯಬೇಕಾದ ವಿಷಯವೆಂದು ತಿಳಿಯುವುದು ತಪ್ಪು. ಅನಿಲ ಸೋರಿದ ಮನೆಯಲ್ಲಿ ಗಂಡಸೆಂದೋ ಮಗುವೆಂದೋ ಬೆಂಕಿ ಭೇದವೆಣಿಸುವುದಿಲ್ಲ. ಓದು ಬಲ್ಲ ಮಗನೋ ಮಗಳೋ ಸಿಲಿಂಡರಿನ ಮೇಲಿನ ಅಕ್ಷರವನ್ನು ಓದಿ ಹೇಳಬಹುದು; ನಳಿಗೆಗೆ ಸಾಬೂನಿನ ನೀರು ಹಚ್ಚಿ ನೋಡಬಹುದು; ರಾತ್ರಿ ರೆಗ್ಯುಲೇಟರು ಮುಚ್ಚಿದೆಯೇ ಎಂದು ಅಜ್ಜಿಯನ್ನು ಕೇಳಬಹುದು. ಹಳೆಯ ಬೆಂಕಿಯ ವಿದ್ಯೆಯನ್ನು ಹಿರಿಯರು ಕಿರಿಯರಿಗೆ ಕಲಿಸಿದರು. ಹೊಸ ಬೆಂಕಿಯ ವಿದ್ಯೆಯನ್ನು ಕಿರಿಯರು ಹಿರಿಯರಿಗೆ ಕಲಿಸುವ ಕಾಲ ಬಂದಿದೆ. ಶಾಲೆಯಲ್ಲಿ ಕಲಿತ ವಿಜ್ಞಾನ ಮನೆಯ ಒಲೆಯ ಬಳಿ ಉಪಯೋಗಕ್ಕೆ ಬಂದಾಗ ಕಲಿತದ್ದು ಸಾರ್ಥಕವಾಗುತ್ತದೆ. ನೀಲಿ ಜ್ವಾಲೆ ಮನೆಯನ್ನು ಕಾಯುತ್ತದೆ.